ಇದರಲ್ಲಿ ನಮ್ಮ ಕೆಮ್ಮು ಎಲ್ಲಿದೆ?

(ಗ್ರಾಮ ಪಂಚಾಯಿತಿ ಸದಸ್ಯರು, ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘದ ಮಹಿಳೆಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಸಮಯ ಸಾಲದೆ ಅಂದು ಬಿಟ್ಟಿದ್ದ ಒಂದೆರಡು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಪಂಚಾಯಿತಿ ಕಚೇರಿಗಳಲ್ಲೇ ಕೆಲಸ ಮಾಡಿ ನಿವೃತ್ತನಾದವನು. ಮೊದಲು ಕಾರ್ಯದರ್ಶಿ, ಆಮೇಲೆ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಅಷ್ಟು ವರ್ಷಗಳಲ್ಲಿ ನನ್ನ ಕೈ ಎಲ್ಲಕ್ಕಿಂತ ಜಾಸ್ತಿ ಬರೆದದ್ದು ನಡಾವಳಿ ಪುಸ್ತಕವನ್ನು. ಎಷ್ಟು ಠರಾವು ಬರೆದೆನೋ ಲೆಕ್ಕ ಇಟ್ಟಿಲ್ಲ. ಆದರೆ ಒಂದು ಠರಾವು ಮಾತ್ರ ಇವತ್ತಿಗೂ ನೆನಪಿದೆ.

ಆ ಊರಿನ ಹೆಸರು ಬೇಡ. ಊರ ಪಕ್ಕದ ಗುಡ್ಡಕ್ಕೆ ಹತ್ತಿಕೊಂಡು ಒಂದು ಕಲ್ಲಿನ ಕ್ರಷರ್ ಇತ್ತು. ಬೆಳಿಗ್ಗೆ ಎದ್ದರೆ ತೊಟ್ಟಿಯ ನೀರಿನ ಮೇಲೆ, ಒಣಗಲು ಹಾಕಿದ ಮೆಣಸಿನಕಾಯಿ ಮೇಲೆ, ಶಾಲೆಯ ಬೆಂಚಿನ ಮೇಲೆ ಬಿಳಿ ದೂಳು. ದ್ಯಾಮವ್ವನ ಗುಡಿ ಕಟ್ಟೆಯ ಮೇಲೆ ಗ್ರಾಮ ಸಭೆ ಸೇರಿತ್ತು. ಜನ ಚೆನ್ನಾಗಿ ಬಂದಿದ್ದರು. ಒಬ್ಬರಾದ ಮೇಲೆ ಒಬ್ಬರು ಎದ್ದು ಮಾತಾಡಿದರು. ಮಗುವಿಗೆ ರಾತ್ರಿಯಿಡೀ ಉಬ್ಬಸ, ಗಂಡನಿಗೆ ಕೆಮ್ಮು ಬಿಡುತ್ತಿಲ್ಲ, ಎಮ್ಮೆ ಮೇವು ಮೂಸಿ ಬಿಡುತ್ತಿದೆ, ಬ್ಲಾಸ್ಟಿಂಗ್‌ಗೆ ಗೋಡೆ ಬಿರುಕು ಬಿಟ್ಟಿದೆ. ಎರಡು ಗಂಟೆ ಮಾತು ನಡೆಯಿತು. ನಾನು ಪುಸ್ತಕದಲ್ಲಿ ಬರೆದದ್ದು ಇಷ್ಟು: "ಕ್ರಷರ್‌ನಿಂದ ಸಾರ್ವಜನಿಕರಿಗೆ ತೊಂದರೆಯಾಗುತ್ತಿರುವ ಬಗ್ಗೆ ಚರ್ಚಿಸಿ, ಸೂಕ್ತ ಕ್ರಮಕ್ಕಾಗಿ ಮೇಲಧಿಕಾರಿಗಳಿಗೆ ಬರೆಯಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು."

ಒಬ್ಬ ಅಜ್ಜಿ ಎದ್ದು ಬಂದರು. "ಸಾಹೇಬ್ರ, ಬರದಿದ್ದು ಓದ್ರಿ" ಎಂದರು. ಓದಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಕೇಳಿದರು: "ಇದ್ರಾಗ ನಮ್ಮ ಕೆಮ್ಮು ಎಲ್ಲೈತ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಠರಾವಿನ ಪ್ರತಿ ಮೇಲಕ್ಕೆ ಹೋಯಿತು. ಕೆಲವು ತಿಂಗಳಾದ ಮೇಲೆ "ಪರಿಶೀಲಿಸಲಾಗಿದೆ" ಎಂಬ ಒಂದು ಸಾಲು ವಾಪಸ್ ಬಂತು. ಅಲ್ಲಿಗೆ ಮುಗಿಯಿತು.

ಆ ಅಜ್ಜಿಯ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಓದಿದ್ದು, ನೋಡಿದ್ದು ಏನೋ ಅದನ್ನೇ ಇವತ್ತು ನಿಮ್ಮ ಮುಂದೆ ಹೇಳುತ್ತೇನೆ. ಊರಿನ ಆರೋಗ್ಯ ಮತ್ತು ಊರಿನ ನೆಲ, ಇವೆರಡನ್ನೂ ಉಳಿಸಲು ಪಂಚಾಯಿತಿಯ ಠರಾವಿಗೆ ಶಕ್ತಿ ಇದೆಯಾ? ಇದೆ. ಆದರೆ ಆ ಶಕ್ತಿ ಬರುವುದು ನಾವು ಅದನ್ನು ಹೇಗೆ ಬರೆಯುತ್ತೇವೆ, ಬರೆದ ಮೇಲೆ ಯಾರು ಅದರ ಹಿಂದೆ ನಿಲ್ಲುತ್ತಾರೆ ಎಂಬುದರಿಂದ.

ಮೊದಲು ನಮ್ಮ ಕರ್ನಾಟಕದ್ದೇ ಒಂದು ಕಥೆ.

1984ರಲ್ಲಿ ರಾಜ್ಯ ಸರ್ಕಾರ ಒಂದು ಕಂಪನಿ ಹುಟ್ಟುಹಾಕಿತು. ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಅದರ ಹೆಸರು. ಅರಣ್ಯ ಅಭಿವೃದ್ಧಿ ನಿಗಮದ್ದು 51 ಪಾಲು, ಮರದಿಂದ ತಿರುಳು ತೆಗೆಯುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯದ್ದು 49 ಪಾಲು. ಕೆಲಸ ಏನೆಂದರೆ ಆಗಿನ ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್ ಜಮೀನಿನಲ್ಲಿ ನೀಲಗಿರಿ ಬೆಳೆಸಿ ಕಾರ್ಖಾನೆಗೆ ಕೊಡುವುದು. ಎಕರೆ ಲೆಕ್ಕದಲ್ಲಿ ಸುಮಾರು 75,000.

ಅದು ಯಾವ ಜಮೀನು? ಸರ್ಕಾರಿ ಕಾಗದದಲ್ಲಿ "ಸಿ ಮತ್ತು ಡಿ ವರ್ಗದ ಭೂಮಿ". ಪಾಳು ಎಂದು ಅರ್ಥ. ಆದರೆ ಊರಿನವರನ್ನು ಕೇಳಿ ನೋಡಿ. ಅದು ದನ ಮೇಯುವ ಜಾಗ. ಸೌದೆ, ಸೊಪ್ಪು, ಪೊರಕೆ ಕಡ್ಡಿ, ಸೀತಾಫಲ, ನೆಲ್ಲಿಕಾಯಿ, ಜೇನು, ಹೆರಿಗೆಯಾದವರಿಗೆ ಬೇಕಾದ ನಾರುಬೇರು, ಎಲ್ಲ ಅಲ್ಲಿಂದಲೇ. ಒಂದು ಗುಂಟೆ ಜಮೀನು ಇಲ್ಲದವನಿಗೂ ಆ ಗುಡ್ಡ ಇತ್ತು. ಗೋಮಾಳ, ಗುಂಡುತೋಪು, ಹುಲ್ಲುಬನ್ನಿ, ಸೊಪ್ಪಿನ ಬೆಟ್ಟ, ಕಾನು, ಬಾಣೆ, ಹೀಗೆ ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರು. ಪಾಳುಭೂಮಿಗೆ ಯಾರಾದರೂ ಇಷ್ಟು ಹೆಸರು ಇಡುತ್ತಾರಾ?

ಸಮಾಜ ಪರಿವರ್ತನ ಸಮುದಾಯ ಎಂಬ ಹೋರಾಟದ ಸಂಘಟನೆಯವರು ಸುಪ್ರೀಂ ಕೋರ್ಟಿಗೆ ಹೋದರು. ಅವರ ಜೊತೆ ಅರ್ಜಿದಾರರಾಗಿ ಶಿವರಾಮ ಕಾರಂತರು ನಿಂತರು. 1987ರ ಮಾರ್ಚ್‌ನಲ್ಲಿ ಕೋರ್ಟು ಯಥಾಸ್ಥಿತಿ ಕಾಪಾಡಬೇಕು ಎಂದಿತು. ಅದೇ ವರ್ಷ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿದರು. ಹಾನಗಲ್ ಆಗ ಧಾರವಾಡ ಜಿಲ್ಲೆಯಲ್ಲಿತ್ತು, ಈಗ ಹಾವೇರಿ ಜಿಲ್ಲೆಯಲ್ಲಿದೆ. ಅಂದು ಮಾಡಿದ್ದು "ಕಿತ್ತಿಕೊ ಹಚ್ಚಿಕೊ" ಸತ್ಯಾಗ್ರಹ. ನೂರು ನೀಲಗಿರಿ ಸಸಿ ಕಿತ್ತರು. ಅಲ್ಲೇ ಊರಿಗೆ ಬೇಕಾದ ಗಿಡ ಹಚ್ಚಿದರು. ನಮ್ಮ ಕಡೆ ಹಚ್ಚುವುದು ಎಂದರೆ ನೆಡುವುದು. ಎಷ್ಟು ಒಳ್ಳೆಯ ಹೆಸರು ನೋಡಿ. ನಾಲ್ಕು ವರ್ಷ ಮೊದಲು ಶಿರಸಿ ಹತ್ತಿರ ಸಲ್ಕಣಿಯಲ್ಲಿ ಮರ ತಬ್ಬಿಕೊಂಡವರ "ಅಪ್ಪಿಕೊ" ಎಂಬ ಮಾತಿನ ಜೊತೆ ಅದು ಒಂದೇ ರಾಗದಲ್ಲಿ ಸೇರುತ್ತದೆ.

ಸತ್ಯಾಗ್ರಹದ ಕಥೆ ಎಲ್ಲರೂ ಹೇಳುತ್ತಾರೆ. ಅದರ ಪಕ್ಕದಲ್ಲೇ ನಡೆದ ಇನ್ನೊಂದು ಕೆಲಸದ ಬಗ್ಗೆ ಅಷ್ಟು ಮಾತಿಲ್ಲ. 1987ರ ಆರಂಭದಲ್ಲಷ್ಟೇ ನಮ್ಮ ರಾಜ್ಯದಲ್ಲಿ ಮಂಡಲ ಪಂಚಾಯಿತಿಗಳಿಗೆ, ಅಂದರೆ ಈಗಿನ ಗ್ರಾಮ ಪಂಚಾಯಿತಿಗಳಿಗಿಂತ ಮುಂಚೆ ಇದ್ದವಕ್ಕೆ, ಚುನಾವಣೆ ನಡೆದಿತ್ತು. ಆಗ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ಹಟ ಹಿಡಿದು ತಂದ 1983ರ ಕಾಯ್ದೆ ಅದಕ್ಕೆ ಬುನಾದಿ. ಊರಿಗೆ ಬೋರ್‌ವೆಲ್ ಹಾಕಿಸಿ "ನೀರ್ ಸಾಬ್" ಅನ್ನಿಸಿಕೊಂಡ ಆ ಮನುಷ್ಯ, ಊರಿಗೆ ಬಾಯಿಯನ್ನೂ ಕೊಟ್ಟಿದ್ದರು. ಹೊಸದಾಗಿ ಆಯ್ಕೆಯಾದ ಹಲವು ಮಂಡಲ ಪಂಚಾಯಿತಿಗಳು ಠರಾವು ಮಾಡಿದವು: ಈ ಕಂಪನಿ ಬೇಡ, ನಮ್ಮ ಊರಿನ ಸಾಮೂಹಿಕ ಜಮೀನು ನಮಗೇ ಇರಲಿ. ಪೊಲೀಸರು ಗಿಡ ಕಿತ್ತವರ ಮೇಲೆ ಕೇಸು ಹಾಕಬಹುದು. ಚುನಾಯಿತ ಪಂಚಾಯಿತಿ ನಡಾವಳಿ ಪುಸ್ತಕದಲ್ಲಿ ಬರೆದ "ಬೇಡ" ಎಂಬ ಮಾತಿಗೆ ಯಾವ ಕೇಸು ಹಾಕುತ್ತಾರೆ? ಬೀದಿಯಲ್ಲಿ ಸತ್ಯಾಗ್ರಹ, ಕೋರ್ಟಿನಲ್ಲಿ ಅರ್ಜಿ, ಪಂಚಾಯಿತಿಯಲ್ಲಿ ಠರಾವು, ಮೂರೂ ಒಟ್ಟಿಗೆ ನಡೆದವು. 1991ರಲ್ಲಿ ಸರ್ಕಾರ ಆ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು.

ಈ ಕಥೆಯನ್ನು ನೆಲದ ಕಥೆ ಎಂದು ಮಾತ್ರ ತಿಳಿಯಬೇಡಿ. ನೀಲಗಿರಿ ಬೇಕಾಗಿದ್ದ ಕಾರ್ಖಾನೆ ಇದ್ದದ್ದು ತುಂಗಭದ್ರೆಯ ದಡದಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ. ಹೊಳೆಯ ನೀರು ಕೆಟ್ಟಿದೆ, ಮಿಂದರೆ ಮೈ ತುರಿಕೆ, ಮೀನು ಸಾಯುತ್ತಿವೆ ಎಂದು ಕೆಳಗಿನ ಊರುಗಳ ಜನ ದೂರುತ್ತಿದ್ದರು. 1984ರಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದವು. ಧರಣಿ ಶುರುವಾಯಿತು. ಸಮಾಜ ಪರಿವರ್ತನ ಸಮುದಾಯ ಮೊದಲು ಕೈಗೆತ್ತಿಕೊಂಡದ್ದು ಹೊಳೆಯ ವಿಷಯವನ್ನೇ. ಹೊಳೆಯ ಜಾಡು ಹಿಡಿದು ಹೋದರೆ ಗುಡ್ಡ ಸಿಕ್ಕಿತು. ಗುಡ್ಡದ ಮೇಲೆ ಬೆಳೆದ ಮರ ಕಾರ್ಖಾನೆಗೆ ಬರುತ್ತದೆ, ಕಾರ್ಖಾನೆಯ ಕೊಳೆ ಹೊಳೆಗೆ ಹೋಗುತ್ತದೆ, ಹೊಳೆಯ ನೀರು ಮನೆಯ ಕೊಡಕ್ಕೆ ಬರುತ್ತದೆ. ಆರೋಗ್ಯ ಇಲಾಖೆ ಬೇರೆ, ಅರಣ್ಯ ಇಲಾಖೆ ಬೇರೆ, ಕಂದಾಯ ಇಲಾಖೆ ಬೇರೆ. ಊರಿಗೆ ಅವೆಲ್ಲ ಒಂದೇ.

ಬಯಲುಸೀಮೆಯವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆ ಹೋಗಿ ನೋಡಿ. ಕೆರೆ ಅಂಗಳ ಒತ್ತುವರಿಯಾಯಿತು, ಕೆರೆಗೆ ನೀರು ತರುವ ಕಾಲುವೆ ಮುಚ್ಚಿತು, ನೀರು ಇಂಗುವುದು ನಿಂತಿತು. ಬೋರು ಆಳಕ್ಕೆ ಹೋಯಿತು. ಆಳದ ಬಂಡೆಯ ಸಂದಿನಲ್ಲಿ ಬಹಳ ಕಾಲ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ಕರಗಿಸಿಕೊಂಡು ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂಗಿಂತ ಜಾಸ್ತಿ ಇರಬಾರದು ಎಂಬ ಮಿತಿ ಇದೆ. ಮಿತಿ ಮೀರಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ದೊಡ್ಡವರಿಗೆ ಮೂಳೆ ನೋವು, ಕೊನೆಗೆ ಬಗ್ಗಲಾಗದ ಬೆನ್ನು. ಆಮೇಲೆ ನಾವು ಊರ ಮುಂದೆ ಶುದ್ಧ ನೀರಿನ ಘಟಕ ಇಟ್ಟು, ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುತ್ತೇವೆ. ಆ ಘಟಕ ಬೇಕು, ಬೇಡ ಎನ್ನುವುದಿಲ್ಲ. ಆದರೆ ಕೆರೆಯ ಒತ್ತುವರಿ ಬಗ್ಗೆ ಆವತ್ತು ಪಂಚಾಯಿತಿ ಬರೆಯದೆ ಬಿಟ್ಟ ಒಂದು ಠರಾವಿನ ಬೆಲೆಯನ್ನು ಇವತ್ತು ಮಗುವಿನ ಹಲ್ಲು ಕಟ್ಟುತ್ತಿದೆ.

ಈಗ ಗಡಿ ದಾಟಿ ಕೇರಳಕ್ಕೆ ಹೋಗೋಣ. ಪಾಲಕ್ಕಾಡು ಜಿಲ್ಲೆಯ ಪೆರುಮಾಟ್ಟಿ ಗ್ರಾಮ ಪಂಚಾಯಿತಿ. ಅದರೊಳಗೆ ಪ್ಲಾಚಿಮಡ ಎಂಬ ಪುಟ್ಟ ಜಾಗ. ಈ ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಪಂಚಾಯಿತಿ ಸದಸ್ಯರು ಇದನ್ನು ಬಿಡಿಬಿಡಿಯಾಗಿ ತಿಳಿದಿರಲೇಬೇಕು.

ಅದು ತಮಿಳುನಾಡಿಗೆ ಅಂಟಿಕೊಂಡ ಸೀಮೆ. ಕೇರಳ ಎಂದರೆ ನಮಗೆ ನೆನಪಾಗುವಷ್ಟು ಮಳೆ ಅಲ್ಲಿ ಇಲ್ಲ. 2000ದಲ್ಲಿ ಕೋಕಾ-ಕೋಲಾ ಕಂಪನಿ ಅಲ್ಲಿ ಸುಮಾರು 34 ಎಕರೆಯಲ್ಲಿ ಬಾಟ್ಲಿಂಗ್ ಕಾರ್ಖಾನೆ ತೆರೆಯಿತು. ಲೈಸೆನ್ಸ್ ಕೊಟ್ಟದ್ದು ಇದೇ ಪಂಚಾಯಿತಿ. ಯಾಕೆ ಕೊಡಬಾರದು? ಕೆಲಸ ಸಿಗುತ್ತದೆ, ತೆರಿಗೆ ಬರುತ್ತದೆ. ನಾನು ಅಲ್ಲಿ ಕಾರ್ಯದರ್ಶಿಯಾಗಿದ್ದರೂ "ಮಂಜೂರು" ಎಂದೇ ಬರೆಯುತ್ತಿದ್ದೆ.

ಕಾರ್ಖಾನೆ ಬೋರ್‌ವೆಲ್‌ಗಳಿಂದ ನೀರು ಎತ್ತತೊಡಗಿತು. ಎರಡೇ ವರ್ಷದಲ್ಲಿ ಸುತ್ತಲಿನ ಬಾವಿಗಳು ಬದಲಾದವು. ಕೆಲವು ಬತ್ತಿದವು. ಕೆಲವದರಲ್ಲಿ ನೀರಿತ್ತು, ಆದರೆ ಅನ್ನ ಬೇಯಿಸಲೂ ಬರುತ್ತಿರಲಿಲ್ಲ. ಹೆಂಗಸರು ಕೊಡ ಹೊತ್ತು ದೂರ ನಡೆಯತೊಡಗಿದರು. ಕಾರ್ಖಾನೆಯಿಂದ ಬಂದ ಕೆಸರನ್ನು ಗೊಬ್ಬರ ಎಂದು ಸುತ್ತಲಿನ ರೈತರಿಗೆ ಕೊಡುತ್ತಿದ್ದರು. 2003ರಲ್ಲಿ ಬಿಬಿಸಿ ರೇಡಿಯೋದವರು ಆ ಕೆಸರನ್ನು ಇಂಗ್ಲೆಂಡಿಗೆ ಒಯ್ದು ಪರೀಕ್ಷೆ ಮಾಡಿಸಿದರು. ಅದರಲ್ಲಿ ಸೀಸ ಮತ್ತು ಕ್ಯಾಡ್ಮಿಯಂ ಇತ್ತು. ಹೊಲಕ್ಕೆ ಹಾಕಿದ್ದು ವಿಷದ ಲೋಹ.

2002ರ ಏಪ್ರಿಲ್ 22ರಂದು ಆದಿವಾಸಿಗಳು ಗೇಟಿನ ಎದುರು ಧರಣಿ ಕೂತರು. ಮುಂದೆ ಇದ್ದವರು ಮಯಿಲಮ್ಮ, ಎರವಾಳರ್ ಸಮುದಾಯದ ಹೆಂಗಸು. ಶಾಲೆಗೆ ಹೋದವರಲ್ಲ. ಅವರ ಮಾತು ಮಾತ್ರ ಬಾವಿಯಷ್ಟೇ ಸ್ಪಷ್ಟ: ನಮ್ಮ ನೀರು ನಮಗೆ ಬೇಕು. 2007ರ ಜನವರಿಯಲ್ಲಿ ಅವರು ತೀರಿಕೊಂಡರು.

ಒಂದು ವರ್ಷದ ಧರಣಿಯ ನಂತರ, 2003ರ ಏಪ್ರಿಲ್‌ನಲ್ಲಿ ಪೆರುಮಾಟ್ಟಿ ಪಂಚಾಯಿತಿ ಸಭೆ ಸೇರಿ ಠರಾವು ಮಾಡಿತು: ಅಂತರ್ಜಲ ಅತಿಯಾಗಿ ಎತ್ತುತ್ತಿರುವುದರಿಂದ ಕುಡಿಯುವ ನೀರಿನ ಕೊರತೆ ಮತ್ತು ಪರಿಸರದ ತೊಂದರೆ ಆಗಿದೆ, ಆದ್ದರಿಂದ ಕಾರ್ಖಾನೆಯ ಲೈಸೆನ್ಸ್ ನವೀಕರಿಸುವುದಿಲ್ಲ. ತಮಗೆ ತೆರಿಗೆ ಕೊಡುತ್ತಿದ್ದ ಕಾರ್ಖಾನೆಗೆ, ತಾವೇ ಕರೆದು ಲೈಸೆನ್ಸ್ ಕೊಟ್ಟ ಕಾರ್ಖಾನೆಗೆ, ಒಂದು ಗ್ರಾಮ ಪಂಚಾಯಿತಿ "ಸಾಕು" ಎಂದಿತು. ಮೊದಲು ಕೊಟ್ಟದ್ದು ತಪ್ಪಾಯಿತು ಎಂದು ಒಪ್ಪಿಕೊಳ್ಳುವ ಧೈರ್ಯ ಅದರಲ್ಲಿದೆ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಅದಕ್ಕೇ.

ಸಂಗತಿ ಹೈಕೋರ್ಟಿಗೆ ಹೋಯಿತು. 2003ರ ಡಿಸೆಂಬರ್ 16ರಂದು ನ್ಯಾಯಮೂರ್ತಿ ಕೆ. ಬಾಲಕೃಷ್ಣನ್ ನಾಯರ್ ತೀರ್ಪು ಕೊಟ್ಟರು. ಇದರಲ್ಲಿ ಎರಡು ಭಾಗ ಇದೆ, ಎರಡನ್ನೂ ಗಮನಿಸಿ. ಅಂತರ್ಜಲ ಎಲ್ಲರ ಸೊತ್ತು, ನೆಲದ ಮಾಲೀಕನಿಗೆ ಅದನ್ನು ಮಿತಿಯಿಲ್ಲದೆ ಎತ್ತುವ ಹಕ್ಕಿಲ್ಲ, ಸರ್ಕಾರವೂ ಪಂಚಾಯಿತಿಯೂ ಅದರ ಕಾವಲುಗಾರರು ಎಂದರು. 34 ಎಕರೆಯ ಒಬ್ಬ ರೈತ ಬೇಸಾಯಕ್ಕೆ ಎಷ್ಟು ನೀರು ಎತ್ತುತ್ತಾನೋ ಕಂಪನಿ ಅಷ್ಟನ್ನೇ ಎತ್ತಬಹುದು ಎಂಬುದು ಅವರ ಅಳತೆ. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತನ್ನೂ ಹೇಳಿದರು. ವೈಜ್ಞಾನಿಕ ತನಿಖೆ ಮಾಡಿಸದೆ, ನೀರು ಬತ್ತಿದೆ ಎಂಬ ಕಾರಣಕ್ಕೆ ಪಂಚಾಯಿತಿ ಇಡೀ ಕಾರ್ಖಾನೆ ಮುಚ್ಚಿಸಿದ್ದು ಸರಿಯಲ್ಲ.

ಜನ ಮೊದಲ ಭಾಗವನ್ನು ಮಾತ್ರ ಹೇಳಿ ಚಪ್ಪಾಳೆ ತಟ್ಟುತ್ತಾರೆ. ನಾನು ಎರಡನೆಯದನ್ನು ಜಾಸ್ತಿ ಯೋಚಿಸಿದ್ದೇನೆ. ಪಂಚಾಯಿತಿ ಹೇಳಿದ್ದು ನಿಜ. ಬಾವಿ ಕೆಟ್ಟದ್ದು ನಿಜ. ಆದರೆ ಠರಾವಿನ ಜೊತೆ ಬಾವಿಗಳ ಲೆಕ್ಕ, ನೀರಿನ ಮಟ್ಟ, ಪರೀಕ್ಷೆಯ ವರದಿ ಇರಲಿಲ್ಲ. ನನ್ನ ಠರಾವಿನಲ್ಲಿ ಅಜ್ಜಿಯ ಕೆಮ್ಮು ಇರಲಿಲ್ಲವಲ್ಲ, ಹಾಗೇ.

2005ರ ಏಪ್ರಿಲ್‌ನಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ಆ ತೀರ್ಪನ್ನು ತಿರುಗಿಸಿತು. ದಿನಕ್ಕೆ 5 ಲಕ್ಷ ಲೀಟರ್ ಎತ್ತಬಹುದು, ಪಂಚಾಯಿತಿ ಲೈಸೆನ್ಸ್ ಕೊಡಬೇಕು ಎಂದಿತು. ಕಾಗದದ ಮೇಲೆ ಪಂಚಾಯಿತಿ ಸೋತಿತು. ಆದರೆ ಕಾರ್ಖಾನೆ 2004ರ ಮಾರ್ಚ್‌ನಲ್ಲೇ ನಿಂತಿತ್ತು. ಆಮೇಲೆ ಮತ್ತೆ ಎಂದಿನಂತೆ ನಡೆಯಲೇ ಇಲ್ಲ. 2017ರಲ್ಲಿ ಕಂಪನಿಯೇ ಸುಪ್ರೀಂ ಕೋರ್ಟಿನಲ್ಲಿ, ಅಲ್ಲಿ ಮತ್ತೆ ಉತ್ಪಾದನೆ ಮಾಡುವ ಉದ್ದೇಶವಿಲ್ಲ ಎಂದಿತು. ನಡುವೆ 2010ರಲ್ಲಿ ಕೇರಳ ಸರ್ಕಾರದ ಉನ್ನತ ಸಮಿತಿ ಜನರಿಗೆ ಆದ ನಷ್ಟವನ್ನು 216.26 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿತು. ಬೆಳೆ, ಆರೋಗ್ಯ, ದನಕರು, ದಿನಗೂಲಿ, ಎಲ್ಲ ಸೇರಿ. ಪರಿಹಾರ ಕೊಡಿಸುವ ನ್ಯಾಯಮಂಡಳಿಗಾಗಿ 2011ರಲ್ಲಿ ವಿಧಾನಸಭೆ ಮಸೂದೆಯನ್ನೂ ಪಾಸು ಮಾಡಿತು. ಅದಕ್ಕೆ ರಾಷ್ಟ್ರಪತಿಗಳ ಒಪ್ಪಿಗೆ ಸಿಗಲಿಲ್ಲ. ಮಯಿಲಮ್ಮನ ಜೊತೆ ಕೂತವರಿಗೆ ಆ ಹಣ ಬರಲಿಲ್ಲ. ಇದನ್ನೂ ನಾವು ಮುಚ್ಚಿಡದೆ ಹೇಳಬೇಕು. ಠರಾವು ಕಾರ್ಖಾನೆಯನ್ನು ನಿಲ್ಲಿಸಬಹುದು. ಹೋದ ಬಾವಿಯನ್ನು ತಂದುಕೊಡುವುದು ಅದಕ್ಕಿಂತ ಕಷ್ಟ.

ಒಡಿಶಾದ ನಿಯಮಗಿರಿಯ ಬಗ್ಗೆ ನೀವು ಕೇಳಿರಬಹುದು. ಬಾಕ್ಸೈಟ್ ಗಣಿಗಾಗಿ ಬೆಟ್ಟ ಅಗೆಯುವ ಯೋಜನೆ ಅದು. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟು ಆ ತೀರ್ಮಾನವನ್ನು ಗ್ರಾಮ ಸಭೆಗಳಿಗೆ ಬಿಟ್ಟಿತು. ಅರಣ್ಯ ಹಕ್ಕು ಕಾಯ್ದೆಯ ಆಧಾರದ ಮೇಲೆ. ರಾಯಗಡ ಮತ್ತು ಕಾಳಹಂಡಿ ಜಿಲ್ಲೆಗಳ 12 ಊರುಗಳಲ್ಲಿ, ಜಿಲ್ಲಾ ನ್ಯಾಯಾಧೀಶರ ದರ್ಜೆಯವರ ಎದುರಲ್ಲಿ, ಜುಲೈ 18ರಿಂದ ಆಗಸ್ಟ್ 19ರವರೆಗೆ ಸಭೆಗಳು ನಡೆದವು. ಹನ್ನೆರಡಕ್ಕೆ ಹನ್ನೆರಡೂ ಬೇಡ ಎಂದವು. ಅಲ್ಲಿನ ಆದಿವಾಸಿಗಳಾದ ಡೋಂಗ್ರಿಯಾ ಕೊಂಧರಿಗೆ ಆ ಬೆಟ್ಟ ದೇವರು, ಹೊಳೆಯ ಹುಟ್ಟು, ಔಷಧಿಯ ಮನೆ. ಅದನ್ನು ಅವರು ತಮ್ಮ ಮಾತಿನಲ್ಲೇ ಹೇಳಿದರು, ಅದು ಹಾಗೇ ದಾಖಲಾಯಿತು. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಗಣಿಗೆ ಅನುಮತಿ ನಿರಾಕರಿಸಿತು.

ಆ 12 ಸಭೆಗಳ ಸುದ್ದಿ ಓದುವಾಗಲೆಲ್ಲ ನನಗೆ ದ್ಯಾಮವ್ವನ ಗುಡಿ ಕಟ್ಟೆ ನೆನಪಾಗುತ್ತಿತ್ತು. ಅಲ್ಲಿಯೂ ಜನ ತಮ್ಮ ಮಾತಿನಲ್ಲೇ ಹೇಳಿದ್ದರು. ಬರೆದುಕೊಳ್ಳದೆ ಹೋದದ್ದು ನಾನು.

ಸರಿ. ನಮ್ಮ ಕೈಯಲ್ಲಿ ಏನಿದೆ ನೋಡೋಣ.

ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದರ ಜೊತೆ ಬಂದ ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳಿವೆ. ಮಣ್ಣಿನ ಸಂರಕ್ಷಣೆ ಇದೆ, ಕುಡಿಯುವ ನೀರು ಇದೆ, ಆರೋಗ್ಯ ಮತ್ತು ನೈರ್ಮಲ್ಯ ಇದೆ, ಸಾಮೂಹಿಕ ಆಸ್ತಿಗಳ ನಿರ್ವಹಣೆಯೂ ಇದೆ. ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆಗೆ ಈಗ "ಗ್ರಾಮ ಸ್ವರಾಜ್" ಎಂಬ ಹೆಸರೂ ಸೇರಿದೆ. ವಾರ್ಡ್ ಸಭೆ, ಗ್ರಾಮ ಸಭೆ, ಮಹಿಳಾ ಗ್ರಾಮ ಸಭೆ, ಮಕ್ಕಳ ಗ್ರಾಮ ಸಭೆ ಇವೆ. ಊರಿನ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆಯ ಸಮಿತಿ ಇದೆ. ಜೀವವೈವಿಧ್ಯ ನಿರ್ವಹಣಾ ಸಮಿತಿ ಇದೆ, 2002ರ ಕೇಂದ್ರ ಕಾಯ್ದೆಯ ಪ್ರಕಾರ. ಎಷ್ಟೋ ಪಂಚಾಯಿತಿಗಳಲ್ಲಿ ಈ ಸಮಿತಿಗಳ ಬೋರ್ಡು ಇದೆ, ಸಭೆ ಇಲ್ಲ.

ಆದರೆ ಎಲ್ಲವೂ ನಮ್ಮ ಕೈಯಲ್ಲಿಲ್ಲ. ಚರಂಡಿ, ಕಸ, ಕುಡಿಯುವ ನೀರು, ಊರ ತೋಪಿನ ನಿರ್ವಹಣೆ, ವ್ಯಾಪಾರದ ಲೈಸೆನ್ಸ್, ಇಲ್ಲೆಲ್ಲ ಪಂಚಾಯಿತಿ ತಾನೇ ತೀರ್ಮಾನಿಸಬಹುದು. ಗಣಿ ಗುತ್ತಿಗೆ ಕೊಡುವುದು ಗಣಿ ಇಲಾಖೆ. ಹೊಗೆ, ಕೊಳಚೆಯ ಒಪ್ಪಿಗೆ ಕೊಡುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಗೋಮಾಳದ ಮೇಲೆ ಅಧಿಕಾರ ಕಂದಾಯ ಇಲಾಖೆಗೆ. ಅಲ್ಲಿ ನಾವು ಬರೆಯುವುದು ಆಕ್ಷೇಪಣೆ. ಈ ವ್ಯತ್ಯಾಸ ತಿಳಿಯದೆ ಬರೆದರೆ ಠರಾವು ಬಿದ್ದುಹೋಗುತ್ತದೆ. ಕಾನೂನಿಗೆ ಮೀರಿದ ಠರಾವನ್ನು ತಡೆಹಿಡಿಯುವ ಅಧಿಕಾರ ಮೇಲಿನವರಿಗೆ ಇದ್ದೇ ಇದೆ. ಆಕ್ಷೇಪಣೆ ಎಂದರೆ ಕಡಿಮೆ ಎಂದುಕೊಳ್ಳಬೇಡಿ. ದೊಡ್ಡ ಯೋಜನೆಗಳಿಗೆ ಪರಿಸರ ಅನುಮತಿಯ ಮುಂಚೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು ಎಂದು 2006ರ ಅಧಿಸೂಚನೆ ಹೇಳುತ್ತದೆ. ಅದಕ್ಕೆ 30 ದಿನ ಮುಂಚೆ ನೋಟಿಸು ಕೊಡಬೇಕು. ಆ 30 ದಿನದಲ್ಲಿ ಗ್ರಾಮ ಸಭೆ ಕರೆದು, ಬಾವಿ ಎಷ್ಟು, ಮನೆ ಎಷ್ಟು, ದಮ್ಮಿನವರು ಎಷ್ಟು ಎಂದು ಬರೆದು ಕೊಟ್ಟ ಠರಾವನ್ನು ಯಾರೂ "ಕೇಳಿಸಲಿಲ್ಲ" ಎನ್ನುವ ಹಾಗಿಲ್ಲ.

ಹಣವಿಲ್ಲ ಎಂಬ ಮಾತು ಪಂಚಾಯಿತಿಗಳಲ್ಲಿ ಯಾವಾಗಲೂ ಇರುತ್ತದೆ. ನಾನೂ ಹೇಳಿದ್ದೇನೆ. ಮಧ್ಯಪ್ರದೇಶದ ರತ್ಲಾಂ ಪುರಸಭೆ ಅದನ್ನು ಸುಪ್ರೀಂ ಕೋರ್ಟಿನ ಮುಂದೆಯೇ ಹೇಳಿತು. ಅಲ್ಲಿನ ನ್ಯೂ ರೋಡ್‌ನ ಜನ ತೆರೆದ ಚರಂಡಿ, ಗಲೀಜು, ಸೊಳ್ಳೆಯ ಬಗ್ಗೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಿದ್ದರು. 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತೀರ್ಪು ಕೊಟ್ಟರು. ದುಡ್ಡಿಲ್ಲ ಎಂಬ ನೆಪ ಹೇಳಿ ಸ್ಥಳೀಯ ಸಂಸ್ಥೆ ಜನರ ಆರೋಗ್ಯದ ಕೆಲಸದಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. ನಿಮ್ಮ ಪಂಚಾಯಿತಿಯಲ್ಲಿ ಯಾರಾದರೂ ಚರಂಡಿಗೆ ಅನುದಾನ ಇಲ್ಲ ಎಂದರೆ, ರತ್ಲಾಂ ಎಂಬ ಒಂದು ಪದ ಹೇಳಿ.

ನೆಲದ ವಿಷಯದಲ್ಲಿ 2011ರ ಜನವರಿ 28ರ ಇನ್ನೊಂದು ತೀರ್ಪು ಇದೆ. ಪಂಜಾಬಿನ ಪಟಿಯಾಲ ಜಿಲ್ಲೆಯ ಒಂದು ಊರಿನ ಕೆರೆಯನ್ನು ಮುಚ್ಚಿ ಮನೆ ಕಟ್ಟಿದ್ದರು. ಸುಪ್ರೀಂ ಕೋರ್ಟು ತೆರವು ಮಾಡಿಸಲು ಹೇಳಿತು. ಊರಿನ ಸಾಮೂಹಿಕ ಜಮೀನಿನ ಒತ್ತುವರಿ ತೆರವಿಗೆ ಯೋಜನೆ ಮಾಡಿ ಎಂದು ಎಲ್ಲ ರಾಜ್ಯಗಳಿಗೂ ಸೂಚಿಸಿತು. ಇದನ್ನು ಹೇಳುವಾಗ ನಾನು ಒಂದು ಕ್ಷಣ ತಡೆಯುತ್ತೇನೆ. ಏಕೆಂದರೆ ಗೋಮಾಳ ಉಳಿಸುತ್ತೇವೆ ಎಂದು ಹೊರಟ ಊರುಗಳಲ್ಲಿ ಮೊದಲು ಎಬ್ಬಿಸುವುದು ಯಾರನ್ನು? ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನಿನಲ್ಲಿ ಒಂದೆರಡು ಎಕರೆ ಬಗರ್ ಹುಕುಂ ಉಳುವ ದಲಿತ ಕುಟುಂಬವನ್ನು. ಇಪ್ಪತ್ತು ಎಕರೆಗೆ ಬೇಲಿ ಹಾಕಿದವರ ಹೆಸರು ಸಭೆಯಲ್ಲಿ ಯಾರೂ ಎತ್ತುವುದಿಲ್ಲ. ಅದೇ ತೀರ್ಪು, ಭೂಮಿ ಇಲ್ಲದ ಕೂಲಿಯವರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರವೇ ಕೊಟ್ಟ ಜಮೀನನ್ನು ಬೇರೆಯಾಗಿ ನೋಡಬೇಕು ಎಂದೂ ಹೇಳಿದೆ. ಶಾಲೆ, ದವಾಖಾನೆ ಇರುವ ಜಾಗವನ್ನೂ ಹಾಗೇ. ಹಾಗಾಗಿ ಠರಾವು ಬರೆಯುವ ಮುಂಚೆ ಊರಿನ ಆ ತುದಿಯ ಕೇರಿಯವರು ಸಭೆಗೆ ಬಂದಿದ್ದಾರಾ ನೋಡಿ. ಬಂದಿಲ್ಲ ಎಂದರೆ ಸಭೆಯನ್ನೇ ಆ ಕೇರಿಗೆ ಒಯ್ಯಿರಿ. ಅವರಿಲ್ಲದೆ "ಸರ್ವಾನುಮತ" ಎಂದು ಬರೆದರೆ ಅದು ಸುಳ್ಳು.

ಮತ್ತೆ ಕ್ರಷರ್ ಊರಿಗೆ ಬರುತ್ತೇನೆ. ಅಜ್ಜಿ ಆ ಮಾತು ಕೇಳಿದ ಮುಂದಿನ ವರ್ಷ ಇನ್ನೊಂದು ಗ್ರಾಮ ಸಭೆ ನಡೆಯಿತು. ಈ ಸಲ ಸಭೆಗೆ ಮುಂಚೆ ಎರಡು ತಿಂಗಳು ಕೆಲಸ ಮಾಡಿದೆವು. ಮಾಡಿದ್ದು ನಾನಲ್ಲ, ಆಶಾ ಅಕ್ಕ. ಮನೆ ಮನೆಗೆ ಹೋಗಿ ಯಾರಿಗೆ ಕೆಮ್ಮು, ಎಷ್ಟು ದಿನದಿಂದ, ಆಸ್ಪತ್ರೆಗೆ ಎಷ್ಟು ಸಲ ಎಂದು ನೋಟ್‌ಬುಕ್ಕಿನಲ್ಲಿ ಬರೆದರು. ಹೆಸರು ಹಾಕಲಿಲ್ಲ, ಮನೆ ಎಣಿಕೆ ಮಾತ್ರ. ಕಾಯಿಲೆಯ ವಿಷಯದಲ್ಲಿ ಯಾರ ಮರ್ಯಾದೆಯೂ ಬೀದಿಗೆ ಬರಬಾರದು. ಶಾಲೆಯ ಮೇಷ್ಟ್ರು ಹಾಜರಿ ಪುಸ್ತಕ ನೋಡಿ, ಕಾಯಿಲೆಯಿಂದ ತಪ್ಪಿದ ದಿನಗಳನ್ನು ಲೆಕ್ಕ ಹಾಕಿದರು. ಸರ್ವೆ ನಂಬರು ಹಿಡಿದು ಕ್ರಷರ್‌ಗೂ ಶಾಲೆಗೂ ಇರುವ ದೂರ ಅಳೆದೆವು. ದೂಳು ತಡೆಯುವ ತಗಡಿನ ಮರೆ ಇಲ್ಲ, ನೀರು ಸಿಂಪಡಿಸುವುದಿಲ್ಲ, ಸುತ್ತ ಗಿಡ ಇಲ್ಲ ಎಂದು ಫೋಟೋ ತೆಗೆದೆವು.

ಠರಾವು ಎರಡು ಪುಟ ಆಯಿತು. ಯಾವ ಇಲಾಖೆ, ಯಾವ ಷರತ್ತು ಮುರಿದಿದೆ, ಎಷ್ಟು ದಿನದೊಳಗೆ ಜಾಗಕ್ಕೆ ಬಂದು ನೋಡಬೇಕು, ನೋಡಲು ಬಂದಾಗ ಪಂಚಾಯಿತಿಯಿಂದ ಯಾರು ಜೊತೆಗಿರುತ್ತಾರೆ, ಎಲ್ಲ ಬರೆದೆವು. "ಸೂಕ್ತ ಕ್ರಮ" ಎಂಬ ಪದ ಎಲ್ಲೂ ಇರಲಿಲ್ಲ. ಕೊನೆಗೆ ಸಹಿ ಮತ್ತು ಹೆಬ್ಬೆಟ್ಟು. ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೆ, ಮಾಲಿನ್ಯ ಮಂಡಳಿಗೆ, ಜಿಲ್ಲಾ ಆರೋಗ್ಯಾಧಿಕಾರಿಗೆ, ಮೂವರಿಗೂ ಕಳಿಸಿ ಸ್ವೀಕೃತಿ ಇಟ್ಟುಕೊಂಡೆವು. ಮೂರು ತಿಂಗಳಿಗೊಮ್ಮೆ, ಏನಾಯಿತು ಎಂದು ಸಾಮಾನ್ಯ ಸಭೆಯಲ್ಲಿ ಮೊದಲ ವಿಷಯವಾಗಿ ಇಟ್ಟೆವು. ಈ ಕೊನೆಯದು ಬಹಳ ಮುಖ್ಯ. ಠರಾವಿಗೆ ಯಾರೂ ಉತ್ತರ ಕೊಡದಿದ್ದರೆ ಅದು ಸಾಯುವುದು ಮೇಲಿನ ಕಚೇರಿಯಲ್ಲಿ ಅಲ್ಲ, ನಮ್ಮ ಮರೆವಿನಲ್ಲಿ.

ಕ್ರಷರ್ ಮುಚ್ಚಲಿಲ್ಲ. ಅಧಿಕಾರಿಗಳು ಬಂದು ನೋಡಿದರು. ತಗಡಿನ ಮರೆ ಬಂತು, ನೀರು ಸಿಂಪಡಿಸತೊಡಗಿದರು, ಶಾಲೆಯ ಸಮಯದಲ್ಲಿ ಬ್ಲಾಸ್ಟಿಂಗ್ ನಿಂತಿತು. ಗುತ್ತಿಗೆ ಮುಗಿದಾಗ ಮುಂದುವರಿಸಲಿಲ್ಲ. ಆ ಹೊತ್ತಿಗೆ ನನಗೆ ಬೇರೆ ಊರಿಗೆ ವರ್ಗವಾಗಿತ್ತು. ಅಜ್ಜಿ ಅದನ್ನು ನೋಡಿದರೋ ಇಲ್ಲವೋ ಎಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಂದನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ಮೊದಲ ಸಲ ಸದಸ್ಯೆಯಾದ ಒಬ್ಬ ತಂಗಿ ಎದ್ದು ನಿಂತರು.

"ಸರ್, ನಮ್ಮೂರ ಗೋಮಾಳದ ಅಂಚಿನಲ್ಲಿ ಪಟ್ಟಣದ ಕಸ ತಂದು ಸುರಿದು ಬೆಂಕಿ ಹಾಕ್ತಾರೆ. ರಾತ್ರಿ ಹೊಗೆ ಕೇರಿಗೆ ಬರುತ್ತೆ. ದನ ಪ್ಲಾಸ್ಟಿಕ್ ತಿಂದು ಸತ್ತಿವೆ. ಎರಡು ಸಲ ಸಭೆಯಲ್ಲಿ ಹೇಳಿದೀನಿ. ಬರ್ಕೊಂಡಿದೀವಿ ಅಂತಾರೆ."

"ಏನಂತ ಬರ್ಕೊಂಡಿದಾರೆ, ನೋಡಿದ್ದೀರಾ ತಾಯಿ?"

"ಇಲ್ಲ ಸರ್."

"ನಡಾವಳಿಯ ಪ್ರತಿ ಕೇಳಿ. ಕೊಡಲಿಲ್ಲ ಅಂದ್ರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಕಸ ಸುರಿಯೋ ಜಾಗದ ಸರ್ವೆ ನಂಬರು ಗೊತ್ತಾ?"

ಗೊತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ಆ ಊರಿನ ಗ್ರಾಮ ಆಡಳಿತಾಧಿಕಾರಿ ಎದ್ದು, ಕಾಗದ ನೋಡದೆ ನಂಬರು ಹೇಳಿದರು. ವಿಸ್ತೀರ್ಣವನ್ನೂ ಹೇಳಿದರು, ಎಕರೆ ಗುಂಟೆ ಸಮೇತ. ಆ ತಂಗಿಯ ಹತ್ತಿರ ಪುಸ್ತಕ ಇರಲಿಲ್ಲ. ಪಕ್ಕದಲ್ಲಿದ್ದ ಆಶಾ ಕಾರ್ಯಕರ್ತೆ ತಮ್ಮ ನೋಟ್‌ಬುಕ್ಕಿನ ಒಂದು ಹಾಳೆ ಹರಿದು ಪೆನ್ನಿನ ಜೊತೆ ಕೊಟ್ಟರು. ಆಕೆ ಬರೆದುಕೊಂಡು, ಸರಿಯಿದೆಯಾ ಎಂದು ಇನ್ನೊಂದು ಸಲ ಗಟ್ಟಿಯಾಗಿ ಓದಿದರು.